ಕಟ್ಟಿನಲ್ಲಿ ಇನ್ನೂ ಉಳಿದಿರುವ ಎಲೆ

ಈ ಸಲದ ಪ್ರಶ್ನೆಗಳೆಲ್ಲ ಇಸ್ಪೀಟ್ ಎಲೆಗಳ ಸುತ್ತಲೇ ಇವೆ. ಹೊಸಬರಿಗೆ ಒಂದು ಮಾತು: ರೋಲ್‌ಪ್ಲೇಯಿಂಗ್ ಗೇಮ್ ಅಂದರೆ ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಬಾಯಿಮಾತಲ್ಲೇ ಕಥೆ ಕಟ್ಟುತ್ತಾ ಆಡುವ ಆಟ. ನಡೆಸುವವರು ಗೇಮ್ ಮಾಸ್ಟರ್. ಕಷ್ಟದ ಕೆಲಸ ಬಂದಾಗ ಅದು ಆಯಿತೋ ಇಲ್ಲವೋ ಅಂತ ತಿಳಿಯಲು ಹೆಚ್ಚಿನ ಆಟಗಳಲ್ಲಿ ದಾಳ ಉರುಳಿಸುತ್ತಾರೆ, ಕೆಲವದರಲ್ಲಿ ಎಲೆ ಎತ್ತುತ್ತಾರೆ.

ಪ್ರಶ್ನೆ: ನಾವು ಗೆಳೆಯರು ಸೇರಿ ಒಂದು ಹೆದರಿಕೆಯ ಆಟ ಮಾಡುತ್ತಿದ್ದೇವೆ. ಮಳೆಗಾಲದ ರಾತ್ರಿ, ಘಾಟಿ ರಸ್ತೆ, ಕೆಟ್ಟು ನಿಂತ ಬಸ್ಸು, ಹಿಂದೆಯೇ ಬರುತ್ತಿರುವ ಏನೋ ಒಂದು. ಅಪಾಯದ ಕೆಲಸ ಮಾಡುವಾಗೆಲ್ಲ ಒಂದು ಎಲೆ ಎತ್ತಬೇಕು, ಜೋಕರ್ ಬಂದರೆ ಆಟ ಮುಗಿಯಿತು. 52 ಎಲೆ, ಜೊತೆಗೆ ಎರಡು ಜೋಕರ್. ಮೊದಲ ಸಲ ಎರಡನೇ ಎಲೆಯೇ ಜೋಕರ್. ಮುಂದಿನ ಸಲ 15 ಎಲೆ ಎತ್ತಿದರೂ ಏನೂ ಬರಲಿಲ್ಲ, ಎಲ್ಲರೂ ಆಕಳಿಸಿದರು. ಎಲ್ಲಿ ತಪ್ಪಿದ್ದೇವೆ? (ಪುತ್ತೂರಿನ ಓದುಗರು)

ಉತ್ತರ: ನಿಮ್ಮ ಕಥೆ ಚೆನ್ನಾಗಿದೆ. ಕಟ್ಟು ದೊಡ್ಡದಾಯಿತು, ಅಷ್ಟೇ. ಲೆಕ್ಕ ಹಾಕಿ ನೋಡಿ. 54 ಎಲೆಯಲ್ಲಿ ಎರಡು ಜೋಕರ್ ಇದ್ದಾಗ, 15 ಎಲೆ ಎತ್ತಿದರೂ ಒಂದೂ ಜೋಕರ್ ಬಾರದಿರುವ ಸಾಧ್ಯತೆ ನೂರಕ್ಕೆ ಸುಮಾರು 52. ಅಂದರೆ ಎರಡು ಸಂಜೆ ಆಡಿದರೆ ಒಂದು ಸಂಜೆ ಸಪ್ಪೆ. ಇನ್ನು ಮೊದಲ ಐದು ಎಲೆಯೊಳಗೇ ಜೋಕರ್ ಬಂದು ಕೂರುವ ಸಾಧ್ಯತೆ ನೂರಕ್ಕೆ ಸುಮಾರು 18. ನಿಮಗೆ ಎರಡೂ ಆಗಿದೆ, ಆಗಲೇಬೇಕಿತ್ತು.

ಮೊದಲು ಒಂದು ಸಂಜೆಗೆ ಎಷ್ಟು ಎಲೆ ಎತ್ತುತ್ತೀರಿ ಅಂತ ಎಣಿಸಿ. 18ರಿಂದ 20 ಅಂತಿಟ್ಟುಕೊಳ್ಳೋಣ. ಹಾಗಾದರೆ ಕಟ್ಟಿನಲ್ಲಿ 21 ಎಲೆ ಸಾಕು. ಮೊದಲು ಆರಾರು ಎಲೆಯ ಮೂರು ಗುಂಪು ಮಾಡಿ. ಮೊದಲ ಗುಂಪಿಗೆ ಒಬ್ಬ ಗುಲಾಮ, ಎರಡನೆಯದಕ್ಕೆ ಒಬ್ಬಳು ರಾಣಿ, ಮೂರನೆಯದಕ್ಕೆ ಜೋಕರ್ ಸೇರಿಸಿ, ಪ್ರತಿ ಗುಂಪನ್ನೂ ಬೇರೆಬೇರೆಯಾಗಿ ಕಲೆಸಿ. ಆಮೇಲೆ ಜೋಕರ್ ಇರುವ ಗುಂಪು ಕೆಳಗೆ, ಗುಲಾಮನ ಗುಂಪು ಮೇಲೆ ಬರುವಂತೆ ಒಂದರ ಮೇಲೊಂದು ಇಡಿ. ಉಳಿದದ್ದೆಲ್ಲ ಎಕ್ಕದಿಂದ ಹತ್ತರವರೆಗಿನ ಎಲೆ. ಗುಲಾಮ ಬಂದರೆ ಟಾರ್ಚ್ ಆರಿತು, ರಾಣಿ ಬಂದರೆ ಯಾರೋ ಒಬ್ಬರು ಕಾಣೆಯಾದರು, ಜೋಕರ್ ಬಂದರೆ ಅದು ಬಂತು. ಈಗ ಕೆಟ್ಟ ಎಲೆಗಳು ಎರಡು ಬೆನ್ನುಬೆನ್ನಿಗೆ ಬರಬಹುದು, ಇಲ್ಲವೇ ನಡುವೆ ಹನ್ನೆರಡು ಎಲೆಗಳ ಅಂತರವೂ ಇರಬಹುದು, ಆದರೆ ಕಟ್ಟು ಮುಗಿಯುವುದರೊಳಗೆ ಬಾರದೇ ಉಳಿಯುವಂತಿಲ್ಲ, ಎರಡನೇ ಎಲೆಗೇ ಆಟ ಮುಗಿಯುವಂತೆಯೂ ಇಲ್ಲ. 2008ರಲ್ಲಿ ಬಂದ ಪ್ಯಾಂಡೆಮಿಕ್ ಅನ್ನುವ ಬೋರ್ಡ್ ಗೇಮಿನಲ್ಲಿ ಸಾಂಕ್ರಾಮಿಕದ ಎಲೆಗಳನ್ನು ಹೀಗೇ ಗುಂಪುಗಳಲ್ಲಿ ಹಂಚಿಟ್ಟಿರುತ್ತಾರೆ. ಆಡಿದವರಿಗೆ ಆ ಕಾಯುವಿಕೆ ಹೇಗಿರುತ್ತದೆ ಅಂತ ಗೊತ್ತು.

ಇನ್ನೊಂದು ಮುಖ್ಯ ವಿಷಯ. ಇಷ್ಟು ಮಾಡಿದರೂ ಸುಮ್ನೆ ಎಲೆ ಎತ್ತುವುದರಿಂದ ಹೆದರಿಕೆ ಬರುವುದಿಲ್ಲ. ಎತ್ತಬೇಕೋ ಬೇಡವೋ ಅನ್ನುವುದು ಆಟಗಾರನ ಕೈಯಲ್ಲಿರಬೇಕು. ಉದಾಹರಣೆಗೆ ಒಂದು ತಿರುವು ದಾಟಲು 12 ಅಂಕ ಬೇಕು ಅಂತ ಇಡಿ. ಎಷ್ಟು ಎಲೆ ಬೇಕಾದರೂ ಎತ್ತಬಹುದು, ಅಂಕ ಕೂಡುತ್ತಾ ಹೋಗುತ್ತದೆ. ಬೇಡ ಅನ್ನಿಸಿದರೆ ನಿಲ್ಲಿಸಬಹುದು, ಆಗ ಆ ತಿರುವಿನಲ್ಲೇ ರಾತ್ರಿ ಕಳೆಯಬೇಕು, ಗಾಯಗೊಂಡವರು ಬೆಳಗಿನವರೆಗೆ ಉಳಿಯುತ್ತಾರೋ ಗೊತ್ತಿಲ್ಲ. ನಮ್ಮ ಮೇಜಿನಲ್ಲಿ ಇಂಥದ್ದೇ ನಿಯಮ ಇಟ್ಟು ಆಡಿದಾಗ ಒಬ್ಬರಿಗೆ ಒಂಬತ್ತು ಅಂಕ ಆಗಿತ್ತು, ಕಟ್ಟಿನಲ್ಲಿ ನಾಲ್ಕೇ ಎಲೆ, ಜೋಕರ್ ಇನ್ನೂ ಒಳಗೇ ಇತ್ತು. ಅವರು ಬೆರಳನ್ನು ಎಲೆಯ ಮೇಲಿಟ್ಟು ಎತ್ತಲೇ ಇಲ್ಲ. ಪಕ್ಕದವರು ಚಹಾ ಲೋಟ ಕೆಳಗಿಟ್ಟರು. ಯಾರೂ ಮಾತಾಡಲಿಲ್ಲ. ಆ ಅರ್ಧ ನಿಮಿಷಕ್ಕಾಗಿಯೇ ನಾನು ಈ ಆಟಗಳನ್ನು ಆಡುವುದು.

ಹಾಗಾಗಿ ಎಷ್ಟು ಎಲೆ ಉಳಿದಿದೆ ಅನ್ನುವುದನ್ನು ಮುಚ್ಚಿಡಬೇಡಿ. ಎತ್ತಿದ ಎಲೆಗಳನ್ನು ಮುಖ ಮೇಲಾಗಿ ಸಾಲಾಗಿ ಜೋಡಿಸಿಡಿ, ಎಲ್ಲರೂ ಎಣಿಸಲಿ. ಏನು ಬರಲಿದೆ ಅಂತ ಗೊತ್ತಿದ್ದು, ಯಾವಾಗ ಅಂತ ಗೊತ್ತಿಲ್ಲದಿದ್ದಾಗಲೇ ಎದೆ ಹೊಡೆದುಕೊಳ್ಳುವುದು.

ಪ್ರಶ್ನೆ: ದಾಳ ಇರುವಾಗ ಎಲೆ ಯಾಕೆ? ಎರಡೂ ಅದೃಷ್ಟವೇ ಅಲ್ವಾ? (ಧಾರವಾಡದ ಓದುಗರು)

ಉತ್ತರ: ದಾಳಕ್ಕೆ ನೆನಪಿಲ್ಲ, ಕಟ್ಟಿಗೆ ಇದೆ. 20 ಮುಖದ ದಾಳವನ್ನು 20 ಸಲ ಉರುಳಿಸಿದರೂ ಒಂದು ಬೀಳದಿರುವ ಸಾಧ್ಯತೆ ನೂರಕ್ಕೆ ಸುಮಾರು 36. 20 ಎಲೆಯಲ್ಲಿ ಒಂದು ಕೆಟ್ಟ ಎಲೆ ಇದ್ದರೆ 20ನೆಯದರೊಳಗೆ ಅದು ಬರಲೇಬೇಕು. ಹತ್ತು ಒಳ್ಳೆಯ ಎಲೆ ಹೋದ ಮೇಲೆ ಅಪಾಯ ಹತ್ತಕ್ಕೆ ಒಂದು, ಹದಿನೈದು ಹೋದ ಮೇಲೆ ಐದಕ್ಕೆ ಒಂದು. ನೀವು ನಿಯಮ ಬದಲಿಸಬೇಕಿಲ್ಲ, ಕಟ್ಟು ತೆಳ್ಳಗಾಗುತ್ತಾ ತಾನೇ ಬಿಗಿಯಾಗುತ್ತದೆ. ಹಾಗಂತ ಹೊಡೆದಾಟಕ್ಕೆಲ್ಲ ಎಲೆಯೇ ಬೇಕು ಅಂತ ನಾನು ಹೇಳುವುದಿಲ್ಲ. ಬೇಗ ಮುಗಿಯಬೇಕಾದ ಸಣ್ಣ ವಿಷಯಕ್ಕೆ ದಾಳವೇ ಒಳ್ಳೆಯದು.

ಪ್ರಶ್ನೆ: ಮಧ್ಯದಲ್ಲಿ ಎಲೆಗಳನ್ನು ಮತ್ತೆ ಕಲೆಸಬಹುದಾ? (ಶಿವಮೊಗ್ಗದ ಓದುಗರು)

ಉತ್ತರ: ಕಲೆಸಬಹುದು, ಆದರೆ ಪುಕ್ಕಟೆಯಾಗಿ ಬೇಡ. ಕಲೆಸಿದ ಕೂಡಲೇ ಅಷ್ಟು ಹೊತ್ತು ಕೂಡಿಟ್ಟ ಬಿಗಿ ಸಡಿಲವಾಗುತ್ತದೆ. ಸ್ಯಾವೇಜ್ ವರ್ಲ್ಡ್ಸ್ ಆಟದಲ್ಲಿ ಯಾರು ಮೊದಲು ಅನ್ನುವುದನ್ನು ಎಲೆ ಹಂಚಿ ನಿರ್ಧರಿಸುತ್ತಾರೆ, ಜೋಕರ್ ಬಂದ ಸುತ್ತು ಮುಗಿದ ಮೇಲೆ ಕಟ್ಟು ಮತ್ತೆ ಕಲೆಸುತ್ತಾರೆ. ಅಲ್ಲಿ ಅದು ಸರಿ, ಯಾಕೆಂದರೆ ಆ ಕಟ್ಟಿನ ಕೆಲಸ ಹೆದರಿಸುವುದಲ್ಲ. ನಿಮ್ಮದು ಹೆದರಿಸುವ ಕಟ್ಟಾದರೆ ಕಲೆಸುವುದಕ್ಕೆ ಬೆಲೆ ಕಟ್ಟಿ. ಪಾತ್ರಗಳು ಎಲ್ಲೋ ತಂಗಿ ಉಸಿರು ತೆಗೆದುಕೊಂಡರೆ ಹೋದ ಎಲೆಗಳಲ್ಲಿ ಐದನ್ನು ಕಟ್ಟಿಗೆ ಸೇರಿಸಿ ಕಲೆಸಬಹುದು, ಆದರೆ ಈಗಾಗಲೇ ಬಂದುಹೋದ ಗುಲಾಮನೂ ಆ ಐದರಲ್ಲಿ ಒಬ್ಬನಾಗಬೇಕು. ಆಗ ತಂಗುವುದೂ ಯೋಚಿಸಿ ಮಾಡುವ ಕೆಲಸವಾಗುತ್ತದೆ.

ಪ್ರಶ್ನೆ: ಹೊಡೆದಾಟ, ದೆವ್ವ ಏನೂ ಇಲ್ಲದ ಆಟದಲ್ಲಿ ಎಲೆಯಿಂದ ಬಿಗಿ ತರಲು ಆಗುತ್ತದಾ? (ಬೆಂಗಳೂರಿನ ಓದುಗರು)

ಉತ್ತರ: ಖಂಡಿತ. ದ ಕ್ವಯಟ್ ಇಯರ್ ಆಡಿ ನೋಡಿ, 2013ರ ಆಟ. ಎಲ್ಲರೂ ಸೇರಿ ಒಂದು ಊರಿನ ನಕ್ಷೆ ಬರೆಯುತ್ತಾ ಹೋಗುತ್ತಾರೆ. 52 ಎಲೆ ಅಂದರೆ 52 ವಾರ, ನಾಲ್ಕು ಬಣ್ಣ ನಾಲ್ಕು ಋತು. ಕೊನೆಯ ಋತು ಚಳಿಗಾಲ, ಅದರ 13 ಎಲೆಗಳೂ ಇಸ್ಪೀಟು (ಸ್ಪೇಡ್) ಬಣ್ಣದವು. ಇಸ್ಪೀಟ್ ರಾಜ ಬಂದ ಕ್ಷಣ ಆಟ ನಿಲ್ಲುತ್ತದೆ. ಚಳಿಗಾಲದ ಮೊದಲ ವಾರವೇ ಬರಬಹುದು, 13ನೇ ವಾರವೂ ಬರಬಹುದು. ಬಾವಿ ಅರ್ಧ ತೋಡಿದೆ, ಮುಗಿಯಲು ಮೂರು ವಾರ ಬೇಕು, ಆ ಮೂರು ವಾರ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಯಾರೂ ಸಾಯದ ಆಟದಲ್ಲಿ ಒಂದು ಬಾವಿಗಾಗಿ ನಾವು ಎಷ್ಟು ಚಡಪಡಿಸಿದ್ದೇವೆ ಅಂದರೆ, ಆಟ ಮುಗಿದ ಮೇಲೂ ಅದೇ ಮಾತು.

ಇನ್ನೊಂದು ದಾರಿ ಕೈಯಲ್ಲಿರುವ ಎಲೆ. 1994ರ ಕ್ಯಾಸಲ್ ಫಾಲ್ಕನ್‌ಸ್ಟೈನ್ ಆಟದಲ್ಲಿ ದಾಳವೇ ಇಲ್ಲ. ಪ್ರತಿಯೊಬ್ಬರ ಕೈಯಲ್ಲೂ ನಾಲ್ಕು ಎಲೆ, ಒಂದೊಂದು ಬಣ್ಣ ಒಂದೊಂದು ಬಗೆಯ ಕೆಲಸಕ್ಕೆ, ಕಳಾವರ್ ಮೈಬಲಕ್ಕೆ ಅನ್ನುವ ಹಾಗೆ. ನಿಮ್ಮ ಕೈಯಲ್ಲಿ ಕಳಾವರ್ ರಾಜ ಒಂದೇ ಇದೆ. ಈಗ ಬಾಗಿಲು ಒಡೆಯಲು ಅದನ್ನು ಇಳಿಸುತ್ತೀರಾ, ಒಳಗೆ ಯಾರಿದ್ದಾರೋ ಅಂತ ಉಳಿಸಿಕೊಳ್ಳುತ್ತೀರಾ? ರಮ್ಮಿ ಆಡಿ ಬೆಳೆದ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಪ್ರಶ್ನೆ: ಮೈಸೂರಿನ ಗಂಜೀಫಾ ಎಲೆಗಳನ್ನು ಇಂಥ ಆಟಕ್ಕೆ ಬಳಸಬಹುದಾ? (ಮೈಸೂರಿನ ಓದುಗರು)

ಉತ್ತರ: ಬಳಸಬೇಕು ಅಂತಲೇ ನನ್ನ ಆಸೆ. ದಶಾವತಾರ ಗಂಜೀಫಾದಲ್ಲಿ ದುಂಡನೆಯ 120 ಎಲೆ. ಹತ್ತು ಅವತಾರ, ಪ್ರತಿಯೊಂದಕ್ಕೂ ರಾಜ, ಮಂತ್ರಿ, ಒಂದರಿಂದ ಹತ್ತು. ಇದರ ಚೆಂದ ಏನು ಗೊತ್ತಾ? ಐದು ಅವತಾರಗಳಲ್ಲಿ ಹತ್ತು ದೊಡ್ಡದು, ಇನ್ನೈದರಲ್ಲಿ ಲೆಕ್ಕ ತಿರುಗಿ ಒಂದೇ ದೊಡ್ಡದು, ಹತ್ತು ತೀರಾ ಚಿಕ್ಕದು. ಒಂದೇ ಅಂಕ ಒಂದು ಕಡೆ ಕೈಹಿಡಿಯುತ್ತದೆ, ಇನ್ನೊಂದು ಕಡೆ ಕೈಕೊಡುತ್ತದೆ. ಹಗಲಿಗೆ ಐದು, ರಾತ್ರಿಗೆ ಐದು ಅಂತ ಹಂಚಿ ನಿಮ್ಮ ಕಥೆಗೆ ಹೊಂದಿಸಿದರೆ, ಕತ್ತಲಾಗುತ್ತಿದ್ದ ಹಾಗೆ ಕೈಯಲ್ಲಿದ್ದ ಒಳ್ಳೆಯ ಎಲೆಗಳೇ ಭಾರವಾಗುತ್ತವೆ. ಕೈಯಿಂದ ಬರೆದ ಎಲೆಗಳನ್ನು ದಿನಾ ಕಲೆಸಬೇಡಿ ಅಷ್ಟೇ, ರಟ್ಟಿನಲ್ಲಿ ಒಂದು ಜೊತೆ ಮಾಡಿಕೊಳ್ಳಿ.

ಪ್ರಶ್ನೆ: ಜೋಕರ್ ಎಲ್ಲಿದೆ ಅಂತ ನಮ್ಮ ಹುಡುಗರು ಹೇಗೋ ಕಂಡುಹಿಡಿಯುತ್ತಾರೆ! (ಹಾಸನದ ಓದುಗರು)

ಉತ್ತರ: ಮನೆಯ ಹಳೇ ಕಟ್ಟು, ಅಲ್ವಾ? ಬೇರೆ ಎಲೆಗಳ ಅಂಚು ಸವೆದು ಮಾಸಿರುತ್ತದೆ, ಯಾವತ್ತೂ ಆಡದ ಜೋಕರ್ ಮಾತ್ರ ಬೆಳ್ಳಗೆ ಹೊಳೆಯುತ್ತಾ ಕೂತಿರುತ್ತದೆ. ಜೋಕರ್ ಬಿಟ್ಟು, ಎಲ್ಲ ಎಲೆಗಳ ಜೊತೆ ಸಮನಾಗಿ ಸವೆದ ಇಸ್ಪೀಟ್ ರಾಣಿಯನ್ನು ಕೆಟ್ಟ ಎಲೆ ಮಾಡಿಕೊಳ್ಳಿ.