ಮನೆಯ ಗ್ಯಾರೇಜಿಗೆ ಎಂಥ ಲಿಫ್ಟ್?

ಪ್ರಶ್ನೆ: ನಮ್ಮ ಗ್ಯಾರೇಜಿನ ಒಳಎತ್ತರ 3 ಮೀಟರ್. ನನ್ನಲ್ಲಿ ಎರಡು ಸೆಡಾನ್ ಕಾರುಗಳಿದ್ದು, ಆಯಿಲ್ ಬದಲಿಸುವುದು, ಬ್ರೇಕ್ ಕೆಲಸ ಇವನ್ನೆಲ್ಲ ನಾನೇ ಮಾಡಿಕೊಳ್ಳುತ್ತೇನೆ. ಒಂದು ಕಾರನ್ನು ಮೇಲೆ ನಿಲ್ಲಿಸಿ ಅದರಡಿ ಇನ್ನೊಂದನ್ನು ಇಡುವ ಆಸೆಯೂ ಇದೆ. ಎರಡು ಕಂಬದ ಲಿಫ್ಟ್ ಕೊಳ್ಳಲೇ, ನಾಲ್ಕು ಕಂಬದ್ದೇ?

ಉತ್ತರ: ಕಂಬಗಳ ವಿಚಾರಕ್ಕಿಂತ ಮೊದಲು ಎತ್ತರದ ಲೆಕ್ಕ ಹಾಕಬೇಕು. ಸಾಮಾನ್ಯ ಸೆಡಾನಿನ ಎತ್ತರ ಸುಮಾರು 1.45 ಮೀಟರ್, ಅಂಥ ಎರಡು ಕಾರುಗಳಿಗೆ 2.9 ಮೀಟರ್ ಬೇಕು. ಮೇಲಿನ ಕಾರು ನಿಲ್ಲುವ ಹಲಗೆಯ ದಪ್ಪವನ್ನೂ ಸೇರಿಸಿದರೆ ನಿಮ್ಮ ಚಾವಣಿ ಅಲ್ಲಿಗೇ ಮುಗಿಯುತ್ತದೆ. ಮೇಲಕ್ಕೆ ಮಡಚಿಕೊಳ್ಳುವ ಬಾಗಿಲು, ತೊಲೆ, ದೀಪಗಳಿದ್ದರೆ ಇರುವ ಜಾಗವೂ ಕಡಿಮೆಯಾಗುತ್ತದೆ. ಆದ್ದರಿಂದ ಒಂದರ ಮೇಲೊಂದು ನಿಲ್ಲಿಸುವ ಆಸೆಯನ್ನು ಬಿಡುವುದೇ ಲೇಸು. ನಾಲ್ಕು ಕಂಬದ ಲಿಫ್ಟಿನ ಮುಖ್ಯ ಪ್ರಯೋಜನವೇ ಅದಾಗಿರುವುದರಿಂದ ಅದೂ ನಿಮಗೆ ಬೇಡ. ಅದರ ಮೇಲೆ ಕಾರು ತನ್ನ ಚಕ್ರಗಳ ಮೇಲೆಯೇ ನಿಂತಿರುವುದರಿಂದ, ಬ್ರೇಕ್ ಬಿಚ್ಚಲು ಬೇರೊಂದು ಜ್ಯಾಕ್ ಇಟ್ಟು ಚಕ್ರವನ್ನು ಎತ್ತಬೇಕಾಗುತ್ತದೆ.

ಎರಡು ಕಂಬದ ಲಿಫ್ಟ್ ಕಾರನ್ನು ಚಾಸಿಯ ಕೆಳಗಿನಿಂದ ತೋಳುಗಳಲ್ಲಿ ಹಿಡಿದು ಎತ್ತುವುದರಿಂದ ನಾಲ್ಕೂ ಚಕ್ರಗಳು ಸ್ವತಂತ್ರವಾಗಿ ತೂಗುತ್ತವೆ, ಗೇರ್ ಬಾಕ್ಸಿನಿಂದ ಸೈಲೆನ್ಸರಿನವರೆಗೆ ಎಲ್ಲವೂ ಕೈಗೆ ಸಿಗುತ್ತವೆ. ರಿಪೇರಿಗೆ ಇದಕ್ಕಿಂತ ಅನುಕೂಲವಾದದ್ದು ಇಲ್ಲ. ಆದರೆ ಕಾರಿನಡಿ ನೆಟ್ಟಗೆ ನಿಲ್ಲಲು 3.3 ಮೀಟರಿಗೂ ಹೆಚ್ಚು ಎತ್ತರ ಬೇಕು. ಮೇಲೆ ಅಡ್ಡತೊಲೆ ಇರುವ ಮಾದರಿಗಳಿಗೆ ಇನ್ನೂ ಹೆಚ್ಚು ಬೇಕಾಗುವುದರಿಂದ, ಕೇಬಲ್ಲುಗಳು ನೆಲದ ತಟ್ಟೆಯಡಿ ಹಾಯುವ ಗಿಡ್ಡ ಮಾದರಿಯನ್ನು ಮಾತ್ರ ನೀವು ಯೋಚಿಸಬಹುದು. ಆಗಲೂ ಕೆಲಸವನ್ನು ಸ್ಟೂಲಿನ ಮೇಲೆ ಕುಳಿತೇ ಮಾಡಬೇಕು. ಇದರಲ್ಲಿ ಭಾರವೆಲ್ಲ ತೋಳುಗಳ ತುದಿಯಲ್ಲಿ ಕೂರುವುದರಿಂದ ಕಂಬಗಳನ್ನು ಒಳಕ್ಕೆ ವಾಲಿಸುವ ಎಳೆತ ಸದಾ ಇರುತ್ತದೆ, ಆ ಎಳೆತವನ್ನು ತಡೆಯುವುದು ಕಂಬಗಳನ್ನು ನೆಲಕ್ಕೆ ಬಿಗಿಯುವ ಆಂಕರ್ ಬೋಲ್ಟುಗಳು ಮತ್ತು ಅವು ಹಿಡಿದಿರುವ ಕಾಂಕ್ರೀಟು. ಕನಿಷ್ಠ 100 ಮಿಲಿಮೀಟರ್ ದಪ್ಪದ, ಬಿರುಕಿಲ್ಲದ ಕಾಂಕ್ರೀಟು ಬೇಕು. ತಯಾರಕರು ಹೆಚ್ಚು ಕೇಳಿದ್ದರೆ ಅಷ್ಟು ಇರಲೇಬೇಕು. ಟೈಲ್ಸ್ ಅಥವಾ ಡಾಂಬರಿನ ಮೇಲೆ ಕೂರಿಸಲೇಬಾರದು. ಬಿಗಿಗೊಳಿಸಿದ ಉಕ್ಕಿನ ಕೇಬಲ್ಲುಗಳಿರುವ ಚಪ್ಪಡಿಯಾದರೆ ಎಂಜಿನಿಯರರನ್ನು ಕೇಳದೆ ಡ್ರಿಲ್ ಹಚ್ಚಬೇಡಿ.

ನನ್ನ ಸಲಹೆ, ಸುಮಾರು ಒಂದು ಮೀಟರ್ ಎತ್ತುವ ಸಿಜರ್ ಲಿಫ್ಟ್, ಅಂದರೆ ಕಂಬಗಳ ಬದಲು ಕತ್ತರಿಯಂತೆ ತೆರೆದುಕೊಳ್ಳುವ ಕಾಲುಗಳ ಮೇಲೆ ಕಾರನ್ನು ಎತ್ತುವ ಲಿಫ್ಟ್. ಚಕ್ರಗಳು ಮುಕ್ತವಾಗಿರುತ್ತವೆ, ಕೆಲಸ ಮುಗಿದ ಮೇಲೆ ನೆಲಕ್ಕೆ ಅಂಟಿಕೊಂಡಂತೆ ಮಡಚಿಕೊಳ್ಳುತ್ತದೆ. ಕಾರಿನ ನಡುಭಾಗವನ್ನು ಅದರ ಚೌಕಟ್ಟೇ ಮರೆಮಾಡುವುದು ನಿಜ; ಆದರೆ ನೀವು ಹೇಳಿದ ಕೆಲಸಗಳಿಗೆ ಅದು ಅಷ್ಟಾಗಿ ಅಡ್ಡಬಾರದು.

ಪ್ರಶ್ನೆ: ಕಾರಿನಡಿ ಇರುವಾಗ, ಆಯಿಲಿನ ಒತ್ತಡದಿಂದ ಲಿಫ್ಟನ್ನು ಎತ್ತಿ ಹಿಡಿಯುವ ಹೈಡ್ರಾಲಿಕ್ ಪೈಪು ಒಡೆದರೆ ಗತಿಯೇನು?

ಉತ್ತರ: ಒಳ್ಳೆಯ ಲಿಫ್ಟಿನಲ್ಲಿ ಹಂತಹಂತವಾಗಿ ಕಚ್ಚಿಕೊಳ್ಳುವ ಯಾಂತ್ರಿಕ ಲಾಕ್ ಇರುತ್ತದೆ. ಬೇಕಾದ ಎತ್ತರಕ್ಕೆ ಏರಿಸಿ, ಮತ್ತೆ ಸ್ವಲ್ಪ ಇಳಿಸಿ, ಭಾರವನ್ನು ಆ ಲಾಕುಗಳ ಮೇಲೆ ಕೂರಿಸಿದ ನಂತರವೇ ಒಳಗೆ ಹೋಗಬೇಕು. ಆಗ ಆಯಿಲ್ ಸೋರಿದರೂ ಕಾರು ಅಲ್ಲೇ ನಿಲ್ಲುತ್ತದೆ. ಲಾಕ್ ಇಲ್ಲದ ಲಿಫ್ಟನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ.