ಮೆಮೊರಿ ಟೆಸ್ಟ್ ನಾರ್ಮಲ್ ಬಂದಿದೆ, ಆದರೂ ಅಪ್ಪ ಮರೆಯುತ್ತಾರೆ. ಯಾಕೆ?

ಫಿಟ್ಸ್‌ಗೆ ಗುಳಿಗೆ ತಗೊಳ್ಳುವ ನಿಮ್ಮ ಅಪ್ಪನಿಗೆ ಹೋದ ತಿಂಗಳ ಮದುವೆಯೇ ನೆನಪಿಲ್ಲ, ಟೆಸ್ಟ್ ಮಾತ್ರ ನಾರ್ಮಲ್, ಬೇಕಂತಲೇ ಹೀಗೆ ಮಾಡುತ್ತಾರಾ ಅಂತ ಕೇಳಿದ್ದೀರಿ. ಇಲ್ಲ. ದಯವಿಟ್ಟು ಮನೆಯಲ್ಲಿ ಯಾರೂ ಹಾಗೆ ಅಂದುಕೊಳ್ಳಬೇಡಿ.

ನಾನು ಬೆಳಗಾವಿಯಲ್ಲಿ ಇಂಥ ಟೆಸ್ಟ್ ಮಾಡುವ ಸೈಕಾಲಜಿಸ್ಟ್. ಸಾಮಾನ್ಯವಾಗಿ 15 ಪದಗಳನ್ನು ಐದು ಸಲ ಓದುತ್ತೇವೆ, ಪ್ರತಿ ಸಲ ನೆನಪಿದ್ದಷ್ಟು ಹೇಳಿಸುತ್ತೇವೆ. 20-30 ನಿಮಿಷ ಬಿಟ್ಟು ಮತ್ತೆ ಕೇಳುತ್ತೇವೆ. ಅಲ್ಲಿಗೆ ಮುಗೀತು. ಅಂದರೆ ಆ ನಾರ್ಮಲ್ ಅನ್ನೋದು ಅರ್ಧ ಗಂಟೆಯ ಮಟ್ಟಿಗೆ ಮಾತ್ರ.

ಬಾಗಲಕೋಟೆ ಕಡೆಯ ರೈತರೊಬ್ಬರಿಗೆ ಎರಡು ಪುಟ್ಟ ಕಥೆ ಕಲಿಸಿದ್ದೆ. ತಪ್ಪಿಲ್ಲದೆ ಹೇಳುವವರೆಗೂ ಬಿಡಲಿಲ್ಲ. ಮೊದಲೇ ಕಡಿಮೆ ಕಲಿತಿದ್ದರೆ ಮರೆತದ್ದೆಷ್ಟು ಅಂತ ಹೇಗೆ ಹೇಳೋದು? ಅರ್ಧ ಗಂಟೆಗೆ ಒಂದು ಕಥೆ ಕೇಳಿದೆ. ಸಂತೆಯಲ್ಲಿ ಕಳೆದ ಚೀಲದ ಬಣ್ಣ ಸಮೇತ ಒಪ್ಪಿಸಿದರು. ಇನ್ನೊಂದನ್ನು ಮುಟ್ಟಲಿಲ್ಲ, ಕೇಳಿದರೆ ಅದೇ ಮರುಪಾಠ ಆಗುತ್ತೆ. ವಾರ ಬಿಟ್ಟು ಫೋನ್ ಮಾಡಿ ಆ ಎರಡನೇ ಕಥೆ ಕೇಳಿದೆ. "ಯಾವ ಕಥಿರೀ? ನೀವು ಕಥಿ ಹೇಳಿದ್ರೇನು?" ಅಂದರು. ಅವರ ಮನೆಯವರು ಫೋನ್ ಇಸ್ಕೊಂಡು, "ಬನಶಂಕರಿ ಜಾತ್ರಿಗೆ ಹೋಗಿದ್ದೂ ಹಿಂಗ ಮರ್ತಾರ್ರೀ" ಅಂದರು.

ಅರ್ಧ ಗಂಟೆಗೆ ಸರಿಯಾಗಿ ನೆನಪಿದ್ದದ್ದು ದಿನ-ವಾರಗಳಲ್ಲಿ ಬೇಗ ಅಳಿಸಿಹೋಗುವ ಇದಕ್ಕೆ ಆಕ್ಸಿಲರೇಟೆಡ್ ಲಾಂಗ್ ಟರ್ಮ್ ಫರ್ಗೆಟಿಂಗ್ ಅಂತಾರೆ. ಟೆಂಪೊರಲ್ ಲೋಬ್, ಅಂದರೆ ಕಿವಿಯ ಮೇಲ್ಭಾಗದ ಒಳಗಿರುವ ಮೆದುಳಿನ ಭಾಗದಲ್ಲಿ ಫಿಟ್ಸ್ ಹುಟ್ಟುವವರಲ್ಲಿ ಇದು ಕಾಣುತ್ತದೆ. ಟ್ರಾನ್ಸಿಯೆಂಟ್ ಎಪಿಲೆಪ್ಟಿಕ್ ಅಮ್ನೀಸಿಯಾ, ಅಂದರೆ ಫಿಟ್ಸ್‌ನಿಂದಲೇ ಸ್ವಲ್ಪ ಹೊತ್ತು ನೆನಪು ತಪ್ಪುವ ಕಾಯಿಲೆ, ಇದ್ದರಂತೂ ಜಾಸ್ತಿ. ಅದರಲ್ಲಿ ಕೈಕಾಲು ಸೆಳೆಯಲೇಬೇಕು ಅಂತಿಲ್ಲ. ಬೆಳಿಗ್ಗೆ ಎದ್ದವರು ಅರ್ಧ-ಒಂದು ಗಂಟೆ ಕೇಳಿದ್ದನ್ನೇ ಕೇಳುತ್ತಾರೆ, ಆಮೇಲೆ ಸರಿಹೋಗುತ್ತಾರೆ. ನಿಮ್ಮ ಅಪ್ಪ ಹೀಗೆ ಮಾಡಿದ್ದುಂಟಾ? ಮಾಡಿದ್ದರೆ ಡಾಕ್ಟರಿಗೆ ಹೇಳಲೇಬೇಕು.

ಮರೆವು ಎಲ್ಲರಿಗೂ ಇದ್ದದ್ದೇ, 1885ರಲ್ಲೇ ಜರ್ಮನಿಯ ಮನಃಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಹಾಗಾಗಿ ಅದೇ ವಯಸ್ಸಿನ, ಅಷ್ಟೇ ಓದಿದ, ಕಾಯಿಲೆ ಇಲ್ಲದವರು ವಾರಕ್ಕೆ ಎಷ್ಟು ಮರೆಯುತ್ತಾರೆ ಅಂತ ಹೋಲಿಸಿ ನೋಡಬೇಕು.

ನ್ಯೂರಾಲಜಿಸ್ಟ್ ಹತ್ತಿರ "ವಾರದ ನಂತರದ ನೆನಪನ್ನೂ ಟೆಸ್ಟ್ ಮಾಡಿಸ್ತೀರಾ?" ಅಂತ ನೇರವಾಗಿ ಕೇಳಿ. ಮರೆತ ಘಟನೆಗಳನ್ನು ತಾರೀಖು ಹಾಕಿ ಬರೆದು ಒಯ್ಯಿರಿ. ನಿದ್ದೆಯಲ್ಲಿ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಟೆಸ್ಟ್, ಬೇಕಾಗಬಹುದು. ಟೆಸ್ಟ್ ನಡುವಿನ ವಾರದಲ್ಲಿ ಮಾತ್ರ ಮನೆಯಲ್ಲಿ ಕಥೆ ಹೇಳಿಸಿ ಪ್ರಾಕ್ಟೀಸ್ ಮಾಡಿಸಬೇಡಿ. ನಿದ್ದೆಗೇಡು, ಮನಸ್ಸಿನ ಬೇಸರ, ಕೆಲವು ಫಿಟ್ಸ್ ಗುಳಿಗೆ ಇವೂ ನೆನಪನ್ನು ಕೆಡಿಸುತ್ತವೆ. ಹಾಗಂತ ಸುಮ್ನೆ ನೀವೇ ಗುಳಿಗೆ ನಿಲ್ಲಿಸಬೇಡಿ, ಅದು ಅಪಾಯ.

ಫಿಟ್ಸ್ ಹತೋಟಿಗೆ ಬಂದರೂ ಈ ಮರೆವು ಉಳಿಯಬಹುದು. ಮತ್ತೆ ಮತ್ತೆ ನೆನೆಸಿಕೊಂಡದ್ದು ಕೆಲವರಲ್ಲಿ ನಿಲ್ಲುತ್ತದೆ. ಮುಂದಿನ ಕಾರ್ಯಕ್ರಮದ ಫೋಟೊಗಳನ್ನು ಅವತ್ತು ರಾತ್ರಿ, ಮರುದಿನ, ಎರಡು ದಿನ ಬಿಟ್ಟು ಮತ್ತೆ, ಅಪ್ಪನ ಜೊತೆ ಕೂತು ನೋಡಿ. ಯಾರು ಬಂದಿದ್ದರು, ಏನು ಊಟ ಅಂತ ಅವರಿಂದಲೇ ಹೇಳಿಸಿ.