ಬೀಜ ಕೆಟ್ಟಿಲ್ಲ, ಬೆರೆತಿದೆ

ಪ್ರಿಯ ಓದುಗರೇ,

ಹಿರಿಯರಿಂದ ಬಂದ ಸಿಹಿಗುಂಬಳದ ಬೀಜವನ್ನು ಜೋಪಾನವಾಗಿ ಎತ್ತಿಟ್ಟು ಬಿತ್ತಿದಿರಿ. ಗುಂಡಗೆ ಬರಬೇಕಾದ ಕಾಯಿ ಈ ಸಲ ಉದ್ದುದ್ದ ಬಂದವು, ಸಿಹಿಯೂ ಇಲ್ಲ. “ಬೀಜ ಕೆಟ್ಟುಹೋಯಿತೇ? ದೊಡ್ಡ ದೊಡ್ಡ ಬೀಜ ಬ್ಯಾಂಕುಗಳಿರುವಾಗ ನಮ್ಮಂಥವರು ಇದಕ್ಕೆ ಕೈಹಾಕಬೇಕೇ?” ಎಂದು ಕೇಳಿದ್ದೀರಿ.

ಬೀಜ ಕೆಟ್ಟಿಲ್ಲ, ಬೆರೆತಿದೆ. ಹತ್ತಿರದಲ್ಲೆಲ್ಲೋ ಇದ್ದ ಬೇರೆ ತಳಿಯ ಕುಂಬಳದ ಪರಾಗವನ್ನು ಜೇನುನೊಣ ನಿಮ್ಮ ಬಳ್ಳಿಗೆ ತಂದಿದೆ. ಹಾಗಾದ ವರ್ಷ ಅದು ಕಣ್ಣಿಗೆ ಬೀಳುವುದಿಲ್ಲ. ಕಾಯಿಯ ತಿರುಳು, ಸಿಪ್ಪೆ ಎಲ್ಲ ತಾಯಿಬಳ್ಳಿಯದೇ. ಬೆರಕೆ ಇರುವುದು ಒಳಗಿನ ಬೀಜದಲ್ಲಿ. ಆದ್ದರಿಂದ ಕಾಯಿ ಎಷ್ಟೇ ಚೆನ್ನಾಗಿದ್ದರೂ ಅದನ್ನು ನಂಬಿ ಬೀಜ ಎತ್ತಿಡುವಂತಿಲ್ಲ. ಕುಂಬಳದಲ್ಲಿ ಬೀಜದ ಕೆಲಸ ಹೂವಿನಿಂದಲೇ ಶುರುವಾಗಬೇಕು.

ನಾಳೆ ಬೆಳಿಗ್ಗೆ ಅರಳಲಿರುವ ಹೂವಿನ ತುದಿ ಹಿಂದಿನ ಸಂಜೆಯೇ ಹಳದಿಗೆ ತಿರುಗಿರುತ್ತದೆ. ಬುಡದಲ್ಲಿ ಪುಟ್ಟ ಕಾಯಿ ಇದ್ದರೆ ಹೆಣ್ಣು, ಬರೀ ತೊಟ್ಟಿದ್ದರೆ ಗಂಡು. ಎರಡರ ತುದಿಯನ್ನೂ ದಾರದಿಂದ ಕಟ್ಟಿ. ಮುಂಜಾನೆ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಪರಾಗವನ್ನು ಹೆಣ್ಣು ಹೂವಿನ ನಡುವಿನ ಶಲಾಕಾಗ್ರಕ್ಕೆ, ಅಂದರೆ ಪರಾಗ ಅಂಟುವ ತುದಿಗೆ ಸವರಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿಬಿಡಿ. ಆ ತೊಟ್ಟಿಗೊಂದು ಗುರುತಿನ ದಾರ ಇರಲಿ. ಬೀಜಕ್ಕೆ ಆ ಕಾಯಿ ಮಾತ್ರ.

ಎಲ್ಲ ಬೆಳೆಗೂ ಇಷ್ಟು ಪಾಡಿಲ್ಲ. ಹುರುಳಿಕಾಯಿ, ಬಟಾಣಿ, ಟೊಮೆಟೊ ಬಹುಮಟ್ಟಿಗೆ ತಮ್ಮ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತವೆ. ಹೊಸಬರು ಅಲ್ಲಿಂದ ಶುರುಮಾಡಲಿ. ಹೈಬ್ರಿಡ್ ಗಿಡದ ಬೀಜ ಮಾತ್ರ ಎತ್ತಿಡಬೇಡಿ, ತಾಯಿಯ ಗುಣ ಹಾಗೇ ಇಳಿಯುವುದಿಲ್ಲ. ಸೇಬಿನಂಥ ಹಣ್ಣಿನ ತಳಿಗಳೂ ಬೀಜದಿಂದ ಹಾಗೇ ಬರುವುದಿಲ್ಲ, ಅವನ್ನು ಕಸಿಯಿಂದಲೇ ಉಳಿಸಬೇಕು.

ಇನ್ನು ಬ್ಯಾಂಕಿನ ಮಾತು. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ 2008ರಲ್ಲಿ ತೆರೆದ ಬೀಜ ಭಂಡಾರದಲ್ಲಿ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಲೋಕದ ತಳಿಗಳನ್ನು ಕಾದಿರಿಸಿದ್ದಾರೆ. ಅದು ಬೇಕೇ ಬೇಕು. ಸಿರಿಯಾದ ಯುದ್ಧದಲ್ಲಿ ಅಲೆಪ್ಪೊ ಬಳಿಯ ಸಂಗ್ರಹ ಕೈಗೆ ಸಿಗದಂತಾದಾಗ, ಅಲ್ಲಿನ ವಿಜ್ಞಾನಿಗಳು ತಾವೇ ಇರಿಸಿದ್ದ ಬೀಜವನ್ನು 2015ರಲ್ಲಿ ಸ್ವಾಲ್ಬಾರ್ಡ್‌ನಿಂದ ಹಿಂಪಡೆದರು. ಆದರೆ ಮುಂದೇನಾಯಿತು ನೋಡಿ: ಲೆಬನಾನ್, ಮೊರಾಕ್ಕೊಗಳ ಹೊಲದಲ್ಲಿ ಬಿತ್ತಿ, ಬೆಳೆದು, ಹೊಸ ಬೀಜ ಮಾಡಿದ ಮೇಲೆಯೇ ಭಂಡಾರ ಮತ್ತೆ ತುಂಬಿದ್ದು. ಚಳಿಯಲ್ಲಿಟ್ಟ ಬೀಜಕ್ಕೂ ಆಯಸ್ಸಿದೆ, ಬಿತ್ತುವ ಕೈ ಅದಕ್ಕೂ ಬೇಕು. ಮೇಲಾಗಿ, ಬದಲಾಗುತ್ತಿರುವ ಬಿಸಿಲು, ಮಳೆ, ಕೀಟಗಳಿಗೆ ತಳಿ ಹೊಂದಿಕೊಳ್ಳುವುದು ವರ್ಷವರ್ಷ ಮಣ್ಣಿಗಿಳಿದಾಗ ಮಾತ್ರ. ಆದ್ದರಿಂದ ನಿಮ್ಮಂಥವರು ಕೈಹಾಕಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಿಂದಿನ ಹಳೆಯ ಬೀಜ ಒಂದು ಹಿಡಿ ಉಳಿದಿದೆ ಎಂದು ಬರೆದಿದ್ದೀರಲ್ಲ, ಅದೇ ನಿಮ್ಮ ಭಾಗ್ಯ. ತೇವ ತಾಗದಿದ್ದರೆ ಕುಂಬಳದ ಬೀಜ ನಾಲ್ಕೈದು ವರ್ಷ ಮೊಳೆಯುತ್ತದೆ. ಅರ್ಧ ಮಾತ್ರ ಬಿತ್ತಿ, ಹೂ ಕಟ್ಟಿ. ಉಳಿದರ್ಧವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ವರ್ಷ ಬರೆದು, ತಂಪಿನಲ್ಲಿಡಿ. ಈ ಸಲದ ಬೆರಕೆ ಕಾಯಿಗಳಲ್ಲಿ ಯಾವುದಾದರೂ ಕಹಿಯಾಗಿದ್ದರೆ ತಿನ್ನಬೇಡಿ. ಆ ಕಹಿ ಹೊಟ್ಟೆ ಕೆಡಿಸುವ ವಿಷ.

– ಸಂಪಾದಕ